ತಕ್ಕ ದೋಣಿ ಯಾವುದು?



ಹಾಯಿಹಡಗು ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಪಾಠಪುಸ್ತಕದ ಹಳೆಯ ಚಿತ್ರ. ಉಗಿಯಂತ್ರ ಬಂದು ಹಾಯಿಯನ್ನು ಮೂಲೆಗೆ ತಳ್ಳಿತು, ಆಮೇಲೆ ಡೀಸೆಲ್ ಬಂದು ಉಗಿಯನ್ನು ಮೂಲೆಗೆ ತಳ್ಳಿತು ಎಂದು ನಾವೆಲ್ಲ ಓದಿದ್ದೇವೆ. ಸರಕು ಸಾಗಣೆಯ ಮಟ್ಟಿಗೆ ಅದು ನಿಜ. ಆದರೆ ಹಾಯಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ದೊಡ್ಡ ಹಡಗುಗಳಿಂದ ಮರೆಯಾದ ಹಾಯಿ ಸಣ್ಣ ದೋಣಿಗಳಲ್ಲಿ ಮತ್ತೆ ಕಾಣಿಸಿಕೊಂಡಿತು. ಅದನ್ನು ಮತ್ತೆ ಎತ್ತಿ ಕಟ್ಟಿದವರಲ್ಲಿ ಹಲವರು ಒಂದು ಕಾಲಕ್ಕೆ ಕಡಲಿನಲ್ಲಿದ್ದು, ಯಾವುದೋ ಕಾರಣಕ್ಕೆ ದಡ ಸೇರಿ, ಮರಳಿ ಕಡಲಿಗೆ ಹೊರಟವರು.

ಹಾಗೆ ಹೊರಟ ಪ್ರತಿಯೊಬ್ಬರ ಎದುರಿಗೂ ಒಂದೇ ಪ್ರಶ್ನೆ ಇತ್ತು. ತನಗೆ ತಕ್ಕ ದೋಣಿ ಯಾವುದು? ಈ ಪ್ರಶ್ನೆಗೆ ಸರಿಯಾದ ಉತ್ತರ ಕಂಡುಕೊಂಡವರು ಭೂಮಿಯನ್ನು ಸುತ್ತಿ ಬಂದರು. ತಪ್ಪು ಉತ್ತರಕ್ಕೆ ಕಟ್ಟುಬಿದ್ದವರಲ್ಲಿ ಕೆಲವರು ಅರ್ಧದಾರಿಯಿಂದ ಹಿಂದಿರುಗಿದರು. ಒಬ್ಬರಂತೂ ಹಿಂದಿರುಗಲೇ ಇಲ್ಲ. 1892ರಿಂದ 2023ರವರೆಗಿನ ಆ ಚರಿತ್ರೆಯ ಕೆಲವು ಪುಟಗಳನ್ನು ಇಲ್ಲಿ ತಿರುವಿ ಹಾಕೋಣ.

ಮೊದಲು ಸ್ವಲ್ಪ ವಿಜ್ಞಾನ

ಕೆಲವು ವರ್ಷಗಳ ಹಿಂದೆ ಕಾರವಾರದ ಕಡೆ ಚಿತ್ರೀಕರಣಕ್ಕೆ ಹೋಗಿದ್ದೆವು. ಒಂದು ಕಿರಿದಾದ ನಾಡದೋಣಿಯಲ್ಲಿ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಎತ್ತರಕ್ಕೆ ನಿಲ್ಲಿಸಿ, ಅದರ ಪಕ್ಕದಲ್ಲಿ ನಾವಿಬ್ಬರು ಎದ್ದು ನಿಂತೆವು. ಸಣ್ಣ ಅಲೆಯೊಂದು ಬಂದದ್ದೇ ತಡ, ದೋಣಿ ಒಂದು ಮಗ್ಗುಲಿಗೆ ಹೊರಳಿತು. ಹುಟ್ಟು ಹಾಕುತ್ತಿದ್ದ ಹಿರಿಯರು ಕೂಗಿ ನಮ್ಮನ್ನು ಕೂರಿಸಿದರು, ಕ್ಯಾಮೆರಾವನ್ನು ದೋಣಿಯ ತಳದಲ್ಲಿ ಇಡಿಸಿದರು. ಕೂಡಲೇ ದೋಣಿ ಶಾಂತವಾಯಿತು. ವಿಜ್ಞಾನದ ಪದವಿ ಪಡೆದ ನನಗೆ ಗುರುತ್ವಕೇಂದ್ರದ ಪಾಠ ಸರಿಯಾಗಿ ಅರ್ಥವಾದದ್ದು ಆ ದಿನವೇ. ಆ ಹಿರಿಯರಿಗೆ ಗುರುತ್ವಕೇಂದ್ರ ಎಂಬ ಮಾತು ಗೊತ್ತಿತ್ತೋ ಇಲ್ಲವೋ, ಭಾರ ಎಲ್ಲಿರಬೇಕು ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು.

ದೋಣಿ ಮಗುಚದಂತೆ ನೋಡಿಕೊಳ್ಳಲು ಎರಡು ದಾರಿಗಳಿವೆ. ಒಂದು, ಭಾರವನ್ನು ಆದಷ್ಟು ಕೆಳಗೆ ಇಡುವುದು. ಹಾಯಿದೋಣಿಯ ತಳದಲ್ಲಿ ಬೆನ್ನೆಲುಬಿನಂತೆ ಉದ್ದಕ್ಕೂ ಹಾಯ್ದುಹೋಗುವ ಭಾಗಕ್ಕೆ ಕೀಲ್ ಎಂದು ಹೆಸರು. ಅದರೊಳಗೆ ಅಥವಾ ಅದರ ಕೆಳಗೆ ಸೀಸವನ್ನೋ ಕಬ್ಬಿಣವನ್ನೋ ಕೂರಿಸಿದರೆ, ಗಾಳಿ ದೋಣಿಯನ್ನು ವಾಲಿಸಿದರೂ ಆ ಭಾರ ಅದನ್ನು ಮತ್ತೆ ನೆಟ್ಟಗೆ ನಿಲ್ಲಿಸುತ್ತದೆ. ಎರಡನೆಯ ದಾರಿ, ದೋಣಿಯನ್ನು ಅಗಲ ಮಾಡುವುದು. ಉತ್ತರ ಕನ್ನಡದ ಪಾತಿದೋಣಿಗೆ ಪಕ್ಕದಲ್ಲಿ ತೇಲುವ ಮರದ ದಿಂಡೊಂದನ್ನು ಕಟ್ಟುತ್ತಾರಲ್ಲ, ಅದರ ತತ್ವ ಇದೇ. ಎರಡೂ ಕಡೆ ಇಂಥ ತೇಲುವ ಒಡಲುಗಳಿದ್ದರೆ ಅದು ಟ್ರೈಮರಾನ್, ಅಂದರೆ ಮೂರೊಡಲ ದೋಣಿ. ಅಗಲದ ದೋಣಿ ಸುಲಭವಾಗಿ ವಾಲುವುದಿಲ್ಲ, ಹಗುರವಾಗಿಯೂ ಇರುತ್ತದೆ, ವೇಗವಾಗಿಯೂ ಓಡುತ್ತದೆ. ಆದರೆ ಒಮ್ಮೆ ಪೂರ್ತಿ ಮಗುಚಿತೆಂದರೆ ತಲೆಕೆಳಗಾಗಿಯೂ ಅಷ್ಟೇ ಸ್ಥಿರವಾಗಿ ತೇಲುತ್ತದೆ. ತಾನಾಗಿ ಎದ್ದು ನಿಲ್ಲುವುದಿಲ್ಲ.

ಇನ್ನು ವೇಗದ ವಿಷಯ. ಭಾರದ ದೋಣಿ ಮುಂದೆ ಸಾಗುವಾಗ ತನ್ನ ಮೂತಿಯಲ್ಲಿ ಒಂದು ಅಲೆ ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಆ ಅಲೆಯೂ ಉದ್ದವಾಗುತ್ತದೆ. ಅಲೆಯ ಉದ್ದ ನೀರಿನಲ್ಲಿರುವ ದೋಣಿಯ ಉದ್ದಕ್ಕೆ ಸಮನಾದಾಗ, ದೋಣಿ ತಾನೇ ಎಬ್ಬಿಸಿದ ಅಲೆಯ ಬೆನ್ನೇರಲು ಹೆಣಗಬೇಕಾಗುತ್ತದೆ. ಅದಕ್ಕಿಂತ ಹೆಚ್ಚು ವೇಗ ಅದಕ್ಕೆ ಕಷ್ಟಸಾಧ್ಯ. ನಾವಿಕರಲ್ಲಿ ಬಳಕೆಯಲ್ಲಿರುವ ಸೂತ್ರ ಸರಳವಾಗಿದೆ. ನೀರಿನ ಮಟ್ಟದಲ್ಲಿ ದೋಣಿಯ ಉದ್ದ ಎಷ್ಟು ಅಡಿಯೋ ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಬರುವುದೇ ಅದರ ಗರಿಷ್ಠ ವೇಗ, ನಾಟ್ ಲೆಕ್ಕದಲ್ಲಿ. 25 ಅಡಿಗೆ 6.7 ನಾಟ್, 36 ಅಡಿಗೆ ಸುಮಾರು 8 ನಾಟ್. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರು. ಅಂದರೆ ಸಣ್ಣ ದೋಣಿಯನ್ನು ಆರಿಸಿಕೊಂಡವರು ನಿಧಾನವನ್ನೂ ಆರಿಸಿಕೊಂಡಂತೆಯೇ.

ಹಾಗಿದ್ದರೆ ಸಣ್ಣ ದೋಣಿಯಿಂದ ಏನು ಲಾಭ? ಒಬ್ಬನೇ ಮನುಷ್ಯ ಹಾಯಿಯನ್ನು ಏರಿಸಿ ಇಳಿಸಬಹುದು, ಮುರಿದದ್ದನ್ನು ತಾನೇ ಸರಿಮಾಡಬಹುದು, ಖರ್ಚೂ ಕಡಿಮೆ. ಈ ಲಾಭಗಳ ಬೆಲೆ ಏನೆಂಬುದನ್ನು ಮೊದಲು ತೋರಿಸಿಕೊಟ್ಟವನು ಕೆಲಸ ಕಳೆದುಕೊಂಡ ಒಬ್ಬ ಕಪ್ತಾನ.

ಹೊಲದಲ್ಲಿ ಬಿದ್ದಿದ್ದ ಸ್ಪ್ರೇ

ಜೋಶುವಾ ಸ್ಲೋಕಮ್ ಹುಟ್ಟಿದ್ದು 1844ರಲ್ಲಿ, ಕೆನಡಾದ ನೋವಾ ಸ್ಕೋಶಿಯಾದಲ್ಲಿ. ಹುಡುಗನಾಗಿದ್ದಾಗಲೇ ಕಡಲಿಗಿಳಿದು, ಮುಂದೆ ಅಮೆರಿಕದ ಪ್ರಜೆಯಾಗಿ, ದೊಡ್ಡ ಹಾಯಿಹಡಗುಗಳ ಕಪ್ತಾನನಾದ. 1887ರ ಕೊನೆಯಲ್ಲಿ ಬ್ರೆಜಿಲ್ ಕರಾವಳಿಯಲ್ಲಿ ಅವನ ಸ್ವಂತ ಹಡಗು ಅಕ್ವಿಡ್ನೆಕ್ ಮರಳದಿಬ್ಬಕ್ಕೆ ಸಿಕ್ಕಿ ನಾಶವಾಯಿತು. ಹೆಂಡತಿ ಮತ್ತು ಇಬ್ಬರು ಗಂಡುಮಕ್ಕಳೊಡನೆ ಪರದೇಶದ ದಡದಲ್ಲಿ ನಿಂತ ಸ್ಲೋಕಮ್, 35 ಅಡಿಯ ದೋಣಿಯೊಂದನ್ನು ತಾನೇ ಕಟ್ಟಿದ. ಅದು ನೀರಿಗಿಳಿದದ್ದು 1888ರ ಮೇ 13ರಂದು. ಬ್ರೆಜಿಲ್‌ನಲ್ಲಿ ಗುಲಾಮಗಿರಿ ರದ್ದಾದದ್ದೂ ಅದೇ ದಿನ. ಅದಕ್ಕೇ ದೋಣಿಗೆ ಲಿಬರ್ದಾದೆ, ಅಂದರೆ ಸ್ವಾತಂತ್ರ್ಯ ಎಂದು ಹೆಸರಿಟ್ಟು, ಸಂಸಾರ ಸಮೇತ ಅಮೆರಿಕ ತಲುಪಿದ.

ಊರಿಗೆ ಬಂದರೆ ಅಲ್ಲಿ ಕೆಲಸವಿಲ್ಲ. ಹಾಯಿಯ ಕಾಲ ಮುಗಿಯುತ್ತ ಬಂದಿತ್ತು. ಹಾಯಿಹಡಗಿನ ಕಪ್ತಾನನಿಗೆ ಉಗಿಹಡಗಿನಲ್ಲಿ ಸ್ಥಾನವಿರಲಿಲ್ಲ. 1892ರಲ್ಲಿ ಹಳೆಯ ಪರಿಚಯದ ತಿಮಿಂಗಿಲ ಬೇಟೆಯ ಕಪ್ತಾನನೊಬ್ಬ ಒಂದು ಹಡಗು ಕೊಡುತ್ತೇನೆ, ಸ್ವಲ್ಪ ರಿಪೇರಿ ಬೇಕು ಎಂದ. ಮ್ಯಾಸಚೂಸೆಟ್ಸ್‌ನ ಫೇರ್‌ಹೇವನ್‌ಗೆ ಹೋಗಿ ನೋಡಿದರೆ, ಕಡಲಿಗೆ ದೂರದ ಹೊಲವೊಂದರಲ್ಲಿ ಕ್ಯಾನ್ವಾಸ್ ಹೊದಿಸಿ ಮಲಗಿಸಿದ್ದ ಮುದಿ ದೋಣಿ. ಅದರ ಹೆಸರು ಸ್ಪ್ರೇ. ಊರಿನವರು ಅದನ್ನು ಒಡೆದು ಸೌದೆ ಮಾಡುತ್ತಾನೇನೋ ಎಂದುಕೊಂಡಿದ್ದರು.

ಸ್ಲೋಕಮ್ ಹತ್ತಿರದಲ್ಲೇ ಇದ್ದ ಓಕ್ ಮರವನ್ನು ಕಡಿದ. ಕೊಳೆತ ಒಂದೊಂದೇ ಹಲಗೆ ತೆಗೆದು ಹೊಸದನ್ನು ಕೂರಿಸುತ್ತ ಹೋದ. 13 ತಿಂಗಳು ದುಡಿದು, ಸಾಮಾನುಗಳಿಗೆಂದು 553 ಡಾಲರ್ 62 ಸೆಂಟ್ ಖರ್ಚು ಮಾಡಿದನೆಂದು ಅವನೇ ಲೆಕ್ಕ ಬರೆದಿಟ್ಟಿದ್ದಾನೆ. ಸಿದ್ಧವಾದ ಸ್ಪ್ರೇಯ ಉದ್ದ 36 ಅಡಿ 9 ಅಂಗುಲ, ಅಗಲ 14 ಅಡಿ 2 ಅಂಗುಲ. 1895ರ ಏಪ್ರಿಲ್ 24ರಂದು, ತನ್ನ 51ನೆಯ ವಯಸ್ಸಿನಲ್ಲಿ, ಅವನು ಬೋಸ್ಟನ್‌ನಿಂದ ಒಬ್ಬಂಟಿಯಾಗಿ ಹೊರಟ. 1898ರ ಜೂನ್ 27ರಂದು ನ್ಯೂಪೋರ್ಟ್‌ಗೆ ಹಿಂದಿರುಗಿದಾಗ 46,000 ಮೈಲು ಸಾಗಿ, ಭೂಪ್ರದಕ್ಷಿಣೆಯನ್ನು ಒಬ್ಬನೇ ಮುಗಿಸಿದ ಮೊದಲಿಗನಾಗಿದ್ದ.

ಈ ಸಾಧನೆಯಲ್ಲಿ ದೋಣಿಯ ಪಾಲು ಎಷ್ಟು? ಒಬ್ಬನೇ ಇರುವ ನಾವಿಕ ನಿದ್ದೆ ಮಾಡಲೇಬೇಕು. ಆಗ ಚುಕ್ಕಾಣಿ ಹಿಡಿಯುವವರು ಯಾರು? ಸ್ಪ್ರೇಯ ಕೀಲ್ ಉದ್ದವಾಗಿತ್ತು, ಹಾಯಿಗಳ ಸಮತೋಲನ ಚೆನ್ನಾಗಿತ್ತು. ಚುಕ್ಕಾಣಿಯನ್ನು ಕಟ್ಟಿಹಾಕಿದರೆ ದೋಣಿ ತನ್ನ ದಾರಿಯನ್ನು ತಾನೇ ಹಿಡಿದು ಹೋಗುತ್ತಿತ್ತು. ಹಿಂದೂ ಮಹಾಸಾಗರದ ಕೊಕೊಸ್ ದ್ವೀಪಗಳಿಗೆ ಹೋಗುವಾಗ 23 ದಿನಗಳಲ್ಲಿ ಸುಮಾರು 2,700 ಮೈಲು ಸಾಗಿದ ಸ್ಲೋಕಮ್, ಅಷ್ಟೂ ದಿನಗಳಲ್ಲಿ ಚುಕ್ಕಾಣಿಯ ಬಳಿ ಕಳೆದದ್ದು ಒಟ್ಟು ಮೂರು ಗಂಟೆಯಷ್ಟೇ. ಅದರ ಪ್ರತಿಯೊಂದು ಮರದ ತುಂಡನ್ನೂ ತನ್ನ ಕೈಯಿಂದಲೇ ಕೂರಿಸಿದ್ದರಿಂದ, ಎಲ್ಲಿ ಏನು ಸಡಿಲವಾದರೂ ಅವನಿಗೆ ತಿಳಿಯುತ್ತಿತ್ತು.

ಆದರೆ ಚರಿತ್ರೆಯನ್ನು ಪೂರ್ತಿ ಹೇಳಬೇಕು. ಸ್ಪ್ರೇಯನ್ನು ಪರಿಪೂರ್ಣ ದೋಣಿ ಎಂದು ನಂಬಿ ಅನೇಕರು ಅದರ ನಕಲುಗಳನ್ನು ಕಟ್ಟಿದರು. ಆಮೇಲೆ ಬಂದ ತಜ್ಞರು ಅದರ ದೋಷವನ್ನೂ ಎತ್ತಿ ತೋರಿಸಿದ್ದಾರೆ. ಅದು ಅಗಲದ ದೋಣಿ. ಅದರ ಭಾರವೆಲ್ಲ ಒಡಲೊಳಗೇ ಇತ್ತು, ಕೀಲ್‌ನ ಕೆಳಗಿರಲಿಲ್ಲ. ತೀರ ಹೆಚ್ಚು ವಾಲಿದರೆ ಅದು ಮತ್ತೆ ಏಳುವುದು ಕಷ್ಟ. 1909ರ ನವೆಂಬರಿನಲ್ಲಿ ಸ್ಲೋಕಮ್ ಅದೇ ದೋಣಿಯಲ್ಲಿ ಮತ್ತೆ ಹೊರಟ. ಅವನೂ ಸ್ಪ್ರೇಯೂ ಮತ್ತೆ ಯಾರಿಗೂ ಕಾಣಿಸಲಿಲ್ಲ. ಕಾರಣ ಯಾರಿಗೂ ಗೊತ್ತಿಲ್ಲ. ಒಮ್ಮೆ ಸಾಬೀತಾದ ದೋಣಿಯೂ ಎಲ್ಲ ಕಾಲಕ್ಕೂ ಸಾಬೀತಾದಂತಲ್ಲ.

ಮುಂಬಯಿಯ ತೇಗದ ಮರ

ಇನ್ನೊಂದು ಕಥೆ ನಮ್ಮ ನೆಲಕ್ಕೆ ಹತ್ತಿರದ್ದು. ಸ್ಲೋಕಮ್ ಸ್ಪ್ರೇಯನ್ನು ದುರಸ್ತಿ ಮಾಡುತ್ತಿದ್ದ ಕಾಲದಲ್ಲೇ, ನಾರ್ವೆಯಲ್ಲಿ ಕಾಲಿನ್ ಆರ್ಚರ್ ಎಂಬ ನೌಕಾಶಿಲ್ಪಿ ಬಿರುಗಾಳಿಗೆ ಸಿಕ್ಕ ಮೀನುಗಾರರನ್ನು ರಕ್ಷಿಸಲು ಗಟ್ಟಿಮುಟ್ಟಾದ ಹಾಯಿದೋಣಿಗಳನ್ನು ರೂಪಿಸುತ್ತಿದ್ದ. ಧ್ರುವಯಾತ್ರಿ ನಾನ್ಸೆನ್‌ನ ಪ್ರಸಿದ್ಧ ಹಡಗು ಫ್ರಾಮ್ ಕೂಡ ಆರ್ಚರನದೇ ಕೃತಿ. ಆರ್ಚರನ ದೋಣಿಗಳ ಮೂತಿಯಂತೆಯೇ ಹಿಂಭಾಗವೂ ಚೂಪಾಗಿರುತ್ತಿತ್ತು. ಹಿಂದಿನಿಂದ ನುಗ್ಗಿಬರುವ ಅಲೆ ಎರಡಾಗಿ ಸೀಳಿ ಪಕ್ಕಕ್ಕೆ ಸರಿಯುತ್ತಿತ್ತು. 1920ರ ದಶಕದಲ್ಲಿ ಅಮೆರಿಕದ ವಿಲಿಯಂ ಆಟ್ಕಿನ್ ಅದೇ ಮಾದರಿಯನ್ನು ಕಿರಿದಾಗಿಸಿ, 32 ಅಡಿಯ ದೋಣಿಯ ನಕ್ಷೆಯೊಂದನ್ನು ಸಿದ್ಧಪಡಿಸಿದ.

ಆ ನಕ್ಷೆ ನಾಲ್ಕು ದಶಕಗಳ ನಂತರ ಮುಂಬಯಿಗೆ ಬಂತು. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯ ತರುಣ ಅಧಿಕಾರಿ ರಾಬಿನ್ ನಾಕ್ಸ್-ಜಾನ್‌ಸ್ಟನ್ ಒಂದು ದೋಣಿ ಕಟ್ಟಿಸಿ, ಅದರಲ್ಲೇ ಇಂಗ್ಲೆಂಡಿಗೆ ಹೋಗಬೇಕೆಂದು ಯೋಚಿಸಿದರು. ನಕ್ಷೆ ಹಳೆಯ ಕಾಲದ್ದು, ದೋಣಿ ನಿಧಾನದ್ದು. ಆದರೆ ಮುಂಬಯಿಯಲ್ಲಿ ಒಳ್ಳೆಯ ತೇಗದ ಮರವಿತ್ತು. ಮರದ ಕೆಲಸ ಬಲ್ಲ, ಬಾಚಿ ಉಳಿ ಹಿಡಿದು ಪಳಗಿದ ಕೈಗಳಿದ್ದವು. 1964ರ ಡಿಸೆಂಬರಿನಲ್ಲಿ ಮೂತಿಗೆ ತೆಂಗಿನಕಾಯಿ ಒಡೆದು ದೋಣಿಯನ್ನು ನೀರಿಗಿಳಿಸಿದರು. ಅರಬ್ ನಾವಿಕರು ಆಗ್ನೇಯ ದಿಕ್ಕಿನ ಗಾಳಿಗೆ ಕರೆಯುವ ಹೆಸರನ್ನೇ ಅದಕ್ಕಿಟ್ಟರು: ಸುಹೇಲಿ.

1966-67ರಲ್ಲಿ ಫ್ರಾನ್ಸಿಸ್ ಚಿಚೆಸ್ಟರ್ ಎಂಬ ವೃದ್ಧ ನಾವಿಕರು ಸಿಡ್ನಿಯಲ್ಲಿ ಒಮ್ಮೆ ಮಾತ್ರ ನಿಂತು ಒಬ್ಬಂಟಿಯಾಗಿ ಭೂಮಿಯನ್ನು ಸುತ್ತಿ ಬಂದರು. ಎಲ್ಲಿಯೂ ನಿಲ್ಲದೆ ಸುತ್ತುವುದೊಂದೇ ಉಳಿದ ಸವಾಲು. 1968ರಲ್ಲಿ ಲಂಡನ್ನಿನ ಸಂಡೇ ಟೈಮ್ಸ್ ಪತ್ರಿಕೆ ಅದಕ್ಕಾಗಿ ಗೋಲ್ಡನ್ ಗ್ಲೋಬ್ ಎಂಬ ಸ್ಪರ್ಧೆಯನ್ನು ಘೋಷಿಸಿತು. ಜೂನ್ 1ರಿಂದ ಅಕ್ಟೋಬರ್ 31ರೊಳಗೆ ಯಾವ ದಿನ ಬೇಕಾದರೂ ಹೊರಡಬಹುದಿತ್ತು. ನಾಕ್ಸ್-ಜಾನ್‌ಸ್ಟನ್‌ಗೆ ಉಕ್ಕಿನ ಹೊಸ ದೊಡ್ಡ ದೋಣಿಯೊಂದನ್ನು ಕಟ್ಟಿಸುವ ಆಸೆ. ಎಷ್ಟು ಓಡಾಡಿದರೂ ಹಣ ಸಿಗಲಿಲ್ಲ. ಕೊನೆಗೆ ಕೈಯಲ್ಲಿದ್ದ ಸುಹೇಲಿಯಲ್ಲೇ ಹೊರಟರು.

ಒಂಬತ್ತು ಮಂದಿ, ಒಂಬತ್ತು ದೋಣಿಗಳು

ಸ್ಪರ್ಧೆಗೆ ಇಳಿದ ಒಂಬತ್ತು ಮಂದಿಯ ದೋಣಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ದೋಣಿಯ ಆಯ್ಕೆಯ ಬಗ್ಗೆ ಒಂದು ಪಾಠವೇ ತೆರೆದುಕೊಳ್ಳುತ್ತದೆ.

ಜಾನ್ ರಿಡ್ಜ್‌ವೇ ಮತ್ತು ಚೇ ಬ್ಲೈತ್ ಹೊರಟದ್ದು ತಲಾ 30 ಅಡಿಯ ದೋಣಿಗಳಲ್ಲಿ. ಆ ದೋಣಿಗಳಿಗೆ ತಳದ ಎರಡೂ ಬದಿಗಳಲ್ಲಿ ಒಂದೊಂದು ಗಿಡ್ಡ ಕೀಲ್. ನೀರು ಇಳಿದಾಗ ಕೆಸರಿನ ಮೇಲೆ ನೆಟ್ಟಗೆ ನಿಲ್ಲಲು, ಸಂಸಾರದೊಡನೆ ರಜಾದಿನ ಕಳೆಯಲು ಅವು ಬಹಳ ಚೆನ್ನ. ದಕ್ಷಿಣ ಮಹಾಸಾಗರದ ಅಲೆಗಳಿಗೆ ಅಲ್ಲ. ಇಬ್ಬರೂ ಅರ್ಧದಲ್ಲೇ ಬಿಟ್ಟರು. ದೋಣಿ ಕೆಟ್ಟದ್ದಾಗಿರಲಿಲ್ಲ, ಅದಕ್ಕೆ ಒಪ್ಪಿಸಿದ ಕೆಲಸ ಅದರದ್ದಾಗಿರಲಿಲ್ಲ. ಹೊರಡುವಾಗ ಹಾಯಿ ನಡೆಸುವುದೇ ಸರಿಯಾಗಿ ಗೊತ್ತಿರದಿದ್ದ ಬ್ಲೈತ್ ಈ ಪಾಠವನ್ನು ಚೆನ್ನಾಗಿ ಕಲಿತರು. 1970ರಲ್ಲಿ 59 ಅಡಿಯ ಉಕ್ಕಿನ ದೋಣಿಯೊಂದಿಗೆ ಮರಳಿ ಬಂದು, ಗಾಳಿಗೆ ಎದುರಾಗಿ ಪಶ್ಚಿಮ ದಿಕ್ಕಿನಿಂದ ಎಲ್ಲಿಯೂ ನಿಲ್ಲದೆ ಭೂಮಿಯನ್ನು ಸುತ್ತಿ, 1971ರಲ್ಲಿ ಊರು ತಲುಪಿದರು.

ಫ್ರಾನ್ಸಿನ ಬರ್ನಾರ್ ಮ್ವಾತೆಸಿಯೆ ಅವರ ಉಕ್ಕಿನ ದೋಣಿಯ ಹೆಸರು ಜೋಶುವಾ. ಸ್ಲೋಕಮ್‌ನ ನೆನಪಿಗೆ ಇಟ್ಟ ಹೆಸರು ಅದು. ದೋಣಿಗೂ ನಾವಿಕನಿಗೂ ಎಷ್ಟು ಹೊಂದಿಕೆಯಿತ್ತೆಂದರೆ, ಗೆಲ್ಲುವ ಅವಕಾಶವಿದ್ದರೂ ಅವರು ಸ್ಪರ್ಧೆಯನ್ನು ತೊರೆದು, ಮತ್ತೊಮ್ಮೆ ಹಿಂದೂ ಮಹಾಸಾಗರವನ್ನು ದಾಟಿ ತಾಹಿತಿ ದ್ವೀಪಕ್ಕೆ ಹೋಗಿಬಿಟ್ಟರು.

ನೈಜಲ್ ಟೆಟ್ಲಿ ಮತ್ತು ಡೊನಾಲ್ಡ್ ಕ್ರೋಹರ್ಸ್ಟ್ ಆರಿಸಿಕೊಂಡದ್ದು ಮೂರೊಡಲ ದೋಣಿಗಳನ್ನು. ಕ್ರೋಹರ್ಸ್ಟ್ ಎಲೆಕ್ಟ್ರಾನಿಕ್ ಉಪಕರಣಗಳ ಸಣ್ಣ ಉದ್ಯಮಿ, ಬುದ್ಧಿವಂತ, ನಾಲ್ಕು ಮಕ್ಕಳ ತಂದೆ. ದೋಣಿ ಮಗುಚಿದರೆ ತಾನಾಗಿ ಏಳುವಂತೆ ಮಾಡುವ ಸಾಧನವೊಂದನ್ನು ಯೋಚಿಸಿದ್ದರು. ಆದರೆ ಹೊರಡುವ ಕೊನೆಯ ದಿನ ಬಂದೇಬಿಟ್ಟಿತು. ಸಾಧನ ಪೂರ್ತಿಯಾಗಲಿಲ್ಲ, ದೋಣಿಯ ಪರೀಕ್ಷೆ ಸರಿಯಾಗಿ ನಡೆಯಲಿಲ್ಲ. ಹಿಂದೆ ಸರಿದರೆ ಹಣ ಹೂಡಿದವರಿಂದ ದೋಣಿಯನ್ನು ತಾವೇ ಕೊಳ್ಳಬೇಕಾದ ಕರಾರು ಬೇರೆ. ಅಕ್ಟೋಬರ್ 31ರಂದು ಹೊರಟರು. ಸ್ವಲ್ಪ ದಿನಗಳಲ್ಲೇ ದೋಣಿಯೊಳಗೆ ನೀರು ಸೋರತೊಡಗಿತು. ಮುಂದೆ ಹೋದರೆ ಸಾವು, ಹಿಂದೆ ಬಂದರೆ ಸಾಲ ಎಂಬ ಇಕ್ಕಟ್ಟಿನಲ್ಲಿ ಅವರು ಅಟ್ಲಾಂಟಿಕ್‌ನಲ್ಲೇ ಸುತ್ತಾಡುತ್ತ, ಭೂಮಿಯನ್ನು ಸುತ್ತುತ್ತಿರುವುದಾಗಿ ರೇಡಿಯೋದಲ್ಲಿ ಸುಳ್ಳು ಸುದ್ದಿ ಕಳಿಸಿದರು. ಆ ಸುದ್ದಿಯನ್ನು ನಂಬಿದ ಟೆಟ್ಲಿ, ಕ್ರೋಹರ್ಸ್ಟ್ ತನ್ನನ್ನು ಹಿಂದಿಕ್ಕುತ್ತಾರೆಂದು ತಮ್ಮ ಬಳಲಿದ ದೋಣಿಯನ್ನು ಮಿತಿಮೀರಿ ಓಡಿಸಿದರು. 1969ರ ಮೇ ತಿಂಗಳಿನಲ್ಲಿ ಊರು ಹತ್ತಿರವಾಗುತ್ತಿದ್ದಾಗ ಅದು ಒಡೆದು ಮುಳುಗಿತು, ಟೆಟ್ಲಿ ಪಾರಾದರು. ಜುಲೈ 10ರಂದು ಕ್ರೋಹರ್ಸ್ಟ್ ಅವರ ದೋಣಿ ಅಟ್ಲಾಂಟಿಕ್ ನಡುವೆ ಬರಿದಾಗಿ ತೇಲುತ್ತಿದ್ದುದು ಸಿಕ್ಕಿತು. ದಿನಚರಿ ಇತ್ತು, ಮನುಷ್ಯ ಇರಲಿಲ್ಲ.

ಮತ್ತೆ ಸುಹೇಲಿ? 1968ರ ಜೂನ್ 14ರಂದು ಫಾಲ್ಮತ್‌ನಿಂದ ಹೊರಟ ಅದಕ್ಕೂ ತೊಂದರೆಗಳು ತಪ್ಪಿರಲಿಲ್ಲ. ಕೀಲ್‌ನ ಬಳಿ ಹಲಗೆಗಳ ಸಂದಿನಿಂದ ನೀರು ಬರತೊಡಗಿದಾಗ ನಾಕ್ಸ್-ಜಾನ್‌ಸ್ಟನ್ ನಡುಕಡಲಿನಲ್ಲಿ ಮುಳುಗಿ ಸಂದು ಮುಚ್ಚಿದರು. ರೇಡಿಯೋ ಕೆಟ್ಟಿತು. ಗಾಳಿಯ ಬಲದಿಂದ ಚುಕ್ಕಾಣಿ ತಿರುಗಿಸುವ ಸಾಧನ ಮುರಿಯಿತು. ಆಗ ಹಳೆಯ ಮಾದರಿಯ ಉದ್ದ ಕೀಲ್ ಕೈಹಿಡಿಯಿತು. ಸ್ಪ್ರೇಯಂತೆಯೇ ಸುಹೇಲಿಯೂ ಹಾಯಿಯ ಸಮತೋಲನದಿಂದ ತನ್ನ ದಾರಿ ತಾನೇ ಹಿಡಿಯಿತು. 1968ರ ನವೆಂಬರಿನಲ್ಲಿ ನ್ಯೂಜಿಲೆಂಡಿನ ಬಳಿ ಕಂಡದ್ದು ಬಿಟ್ಟರೆ, ಮುಂದಿನ ಏಪ್ರಿಲ್‌ವರೆಗೆ ದೋಣಿಯ ಸುಳಿವೇ ಇರಲಿಲ್ಲ. 1969ರ ಏಪ್ರಿಲ್ 22ರಂದು, 312 ದಿನಗಳ ಬಳಿಕ, ಅದು ಫಾಲ್ಮತ್ ಸೇರಿತು. ಸಾಗಿದ ದೂರ ಸುಮಾರು 30,000 ಮೈಲು. ಲೆಕ್ಕ ಹಾಕಿದರೆ ಸರಾಸರಿ ವೇಗ ಬರೀ ನಾಲ್ಕು ನಾಟ್. ಸೈಕಲ್ಲಿನಲ್ಲಿ ಶಾಲೆಗೆ ಹೋಗುವ ಹುಡುಗಿ ಇದಕ್ಕಿಂತ ಬೇಗ ಹೋಗುತ್ತಾಳೆ. ಆದರೂ ಒಂಬತ್ತು ದೋಣಿಗಳಲ್ಲಿ ಗುರಿ ಮುಟ್ಟಿದ್ದು ಮುಂಬಯಿಯ ಬಡಗಿಗಳು ಕಟ್ಟಿದ ಆ ನಿಧಾನದ ದೋಣಿ ಒಂದೇ. ಗೆದ್ದ 5,000 ಪೌಂಡುಗಳನ್ನು ನಾಕ್ಸ್-ಜಾನ್‌ಸ್ಟನ್ ಕ್ರೋಹರ್ಸ್ಟ್ ಅವರ ಹೆಂಡತಿ ಮಕ್ಕಳಿಗೆ ಕೊಟ್ಟರು.

ಮಹದಾಯಿಯ ಹೆಸರು ಹೊತ್ತ ದೋಣಿ

ಸುಹೇಲಿ ಭಾರತದಲ್ಲಿ ಹುಟ್ಟಿದ ದೋಣಿ ನಿಜ. ಆದರೆ ಭಾರತೀಯರೊಬ್ಬರು ಹೀಗೆ ಒಬ್ಬಂಟಿಯಾಗಿ ಭೂಮಿಯನ್ನು ಸುತ್ತಲು ಮತ್ತೆ ನಾಲ್ಕು ದಶಕಗಳೇ ಬೇಕಾದವು. ನಿವೃತ್ತ ವೈಸ್ ಅಡ್ಮಿರಲ್ ಮನೋಹರ ಅವಟಿಯವರ ಪ್ರೇರಣೆಯಿಂದ ನೌಕಾಪಡೆ ಸಾಗರ ಪರಿಕ್ರಮ ಎಂಬ ಯೋಜನೆಯನ್ನು ಕೈಗೊಂಡಿತು. ಗೋವಾದ ದಿವಾರ್ ದ್ವೀಪದಲ್ಲಿ ರತ್ನಾಕರ ದಾಂಡೇಕರ್ ಅವರ ದೋಣಿ ಕಾರ್ಖಾನೆಯಲ್ಲಿ 56 ಅಡಿಯ ಹಾಯಿದೋಣಿ ಸಿದ್ಧವಾಯಿತು. ಅದರ ಹೆಸರು ಮ್ಹಾದೇಯಿ. ನಮ್ಮ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟಿ, ಗೋವಾದಲ್ಲಿ ಮಾಂಡೋವಿ ಎನಿಸಿಕೊಂಡು ಕಡಲು ಸೇರುವ ನದಿಯನ್ನು ನಾವು ಮಹದಾಯಿ ಎನ್ನುತ್ತೇವಲ್ಲ, ಅದೇ ಹೆಸರು.

ಕಮಾಂಡರ್ ದಿಲೀಪ್ ದೋಂದೆ ಈ ಯಾನಕ್ಕೆ ಸಿದ್ಧರಾಗುವಾಗ ಅವರಿಗೆ ಮಾರ್ಗದರ್ಶನ ಮಾಡಿದವರು ಸುಹೇಲಿಯ ನಾಕ್ಸ್-ಜಾನ್‌ಸ್ಟನ್ ಅವರೇ. ದೋಂದೆಯವರು ದೋಣಿಯನ್ನು ಸಿದ್ಧವಾದ ಮೇಲೆ ಪಡೆದುಕೊಂಡವರಲ್ಲ. ಅದು ಕಟ್ಟಲ್ಪಡುವಾಗಲೇ ಜೊತೆಗಿದ್ದು ಅದರ ಒಳಹೊರಗನ್ನು ತಿಳಿದವರು. 2009ರ ಆಗಸ್ಟ್ 19ರಂದು ಮುಂಬಯಿಯಿಂದ ಹೊರಟು, ನಾಲ್ಕು ಕಡೆ ನಿಂತು, 2010ರ ಮೇ 19ರಂದು ಹಿಂದಿರುಗಿದರು. ಅದೇ ದೋಣಿಯಲ್ಲಿ 2012ರ ನವೆಂಬರ್ 1ರಂದು ಹೊರಟ ಅಭಿಲಾಷ್ ಟಾಮಿ, ಎಲ್ಲಿಯೂ ನಿಲ್ಲದೆ ಭೂಮಿಯನ್ನು ಸುತ್ತಿ 2013ರಲ್ಲಿ ಮುಂಬಯಿ ಸೇರಿದರು. ಹಾಗೆ ಒಬ್ಬಂಟಿಯಾಗಿ ಸುತ್ತಿದ ಮೊದಲ ಭಾರತೀಯರು ಅವರು. ಮ್ಹಾದೇಯಿಯ ಸೋದರಿ ದೋಣಿ ತಾರಿಣಿಯಲ್ಲಿ 2017-18ರಲ್ಲಿ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು, 2024-25ರಲ್ಲಿ ದಿಲ್ನಾ ಕೆ. ಮತ್ತು ರೂಪಾ ಎ. ಎಂಬ ಇಬ್ಬರೇ ಅಧಿಕಾರಿಗಳು ಭೂಪ್ರದಕ್ಷಿಣೆ ಮಾಡಿದರು.

ಮರಳಿ ಹೊರಟವರು

2018ರಲ್ಲಿ, ಮೊದಲ ಗೋಲ್ಡನ್ ಗ್ಲೋಬ್‌ಗೆ ಐವತ್ತು ವರ್ಷ ತುಂಬಿದ ನೆನಪಿಗೆ, ಅದೇ ಹೆಸರಿನ ಸ್ಪರ್ಧೆ ಮತ್ತೆ ನಡೆಯಿತು. ನಿಯಮಗಳು ವಿಚಿತ್ರವೆನಿಸಬಹುದು. ದೋಣಿ 32ರಿಂದ 36 ಅಡಿಯೊಳಗಿರಬೇಕು, ಹಳೆಯ ವಿನ್ಯಾಸದ್ದಾಗಿರಬೇಕು, ಉದ್ದನೆಯ ಕೀಲ್ ಇರಬೇಕು. ಉಪಗ್ರಹದಿಂದ ದಾರಿ ಕೇಳುವಂತಿಲ್ಲ. ಸೂರ್ಯ ನಕ್ಷತ್ರಗಳನ್ನು ಸೆಕ್ಸ್ಟೆಂಟ್‌ನಲ್ಲಿ ಅಳೆದು ಕಾಗದದ ನಕ್ಷೆಯ ಮೇಲೆ ಗುರುತು ಹಾಕಬೇಕು.

ಟಾಮಿಯವರು ಇದಕ್ಕೆ ಆರಿಸಿಕೊಂಡದ್ದು ಥುರಿಯಾ ಎಂಬ ದೋಣಿಯನ್ನು. ಅದು ಗೋವಾದಲ್ಲಿ ಮರದಿಂದ ಕಟ್ಟಿದ, ಸುಹೇಲಿಯ ಪ್ರತಿರೂಪ. 2018ರ ಸೆಪ್ಟೆಂಬರ್ 21ರಂದು ಹಿಂದೂ ಮಹಾಸಾಗರದ ದಕ್ಷಿಣ ಭಾಗದಲ್ಲಿ ಭೀಕರ ಬಿರುಗಾಳಿ ಎದ್ದಿತು. ಥುರಿಯಾ ಉರುಳಿತು, ಹಾಯಿಕಂಬಗಳು ಮುರಿದವು, ಟಾಮಿಯವರ ಬೆನ್ನುಮೂಳೆಗೆ ಬಲವಾದ ಏಟು ಬಿತ್ತು. ಏಳಲಾರದೆ ಮಲಗಿದ ಅವರನ್ನು ಸೆಪ್ಟೆಂಬರ್ 24ರಂದು ಒಸಿರಿಸ್ ಎಂಬ ಫ್ರೆಂಚ್ ನೌಕೆ ರಕ್ಷಿಸಿತು. ಆಮೇಲೆ ಶಸ್ತ್ರಚಿಕಿತ್ಸೆ, ಬೆನ್ನಿನಲ್ಲಿ ಟೈಟಾನಿಯಂ ಸರಳುಗಳು, ನಡೆಯುವುದನ್ನೇ ಹೊಸದಾಗಿ ಕಲಿಯಬೇಕಾದ ಸ್ಥಿತಿ.

ಆ ಬಿರುಗಾಳಿಯಲ್ಲಿ ಕಂಬ ಕಳೆದುಕೊಂಡ ದೋಣಿ ಅದೊಂದೇ ಅಲ್ಲ. ಕಂಬ ಹೋದರೂ ಥುರಿಯಾದ ಒಡಲು ಮುಳುಗಲಿಲ್ಲ. ರಕ್ಷಕರು ಬರುವವರೆಗೂ ತನ್ನ ನಾವಿಕನನ್ನು ಹೊತ್ತು ತೇಲಿತು ಎಂಬುದನ್ನು ಮರೆಯಬಾರದು. ಆ ವರ್ಷ ಗೆದ್ದವರು 73 ವಯಸ್ಸಿನ ಫ್ರೆಂಚ್ ನಾವಿಕ ಜಾನ್-ಲುಕ್ ವಾನ್ ಡೆನ್ ಹೀಡ್. ಅವರ ದೋಣಿ ರಸ್ಲರ್ 36 ಎಂಬ ಮಾದರಿಯದು: ಫೈಬರ್‌ಗ್ಲಾಸ್ ಒಡಲು, ಉದ್ದ ಕೀಲ್, ಒಂದೇ ಕಂಬ.

ನಾಲ್ಕು ವರ್ಷಗಳ ನಂತರ, 2022ರ ಸೆಪ್ಟೆಂಬರ್ 4ರಂದು, ಅದೇ ಸ್ಪರ್ಧೆಯ ಮುಂದಿನ ಆವೃತ್ತಿಗೆ 16 ಮಂದಿ ಫ್ರಾನ್ಸಿನಿಂದ ಹೊರಟರು. ಅವರಲ್ಲಿ ಟಾಮಿಯವರೂ ಒಬ್ಬರು. ಈ ಸಲ ಅವರ ದೋಣಿ ಬಯಾನತ್, ಒಂದು ರಸ್ಲರ್ 36. ಸುಹೇಲಿಯ ಮೇಲಿನ ಗೌರವ ಒಂದು ಮಾತು, ಮುಂದಿನ ಪ್ರಯಾಣಕ್ಕೆ ಬೇಕಾದ ಸಾಧನ ಇನ್ನೊಂದು ಮಾತು. ದಾರಿಯಲ್ಲಿ ಗಾಳಿಚುಕ್ಕಾಣಿಯ ಅಲಗು ಹೋದಾಗ, ದೋಣಿಯೊಳಗಿನ ಬಾಗಿಲಿನ ಹಲಗೆ ಕತ್ತರಿಸಿ ಹೊಸದನ್ನು ಮಾಡಿಕೊಂಡರು. 2023ರ ಏಪ್ರಿಲ್ 29ರಂದು ಎರಡನೆಯವರಾಗಿ ಗುರಿ ಮುಟ್ಟಿದರು. ಅವರಿಗಿಂತ ಎರಡು ದಿನ ಮೊದಲು ತಲುಪಿ ಗೆದ್ದವರು ದಕ್ಷಿಣ ಆಫ್ರಿಕದ ಕರ್ಸ್ಟನ್ ನಾಯ್‌ಶೇಫರ್. ಭೂಪ್ರದಕ್ಷಿಣೆಯ ಒಬ್ಬಂಟಿ ಸ್ಪರ್ಧೆಯೊಂದನ್ನು ಗೆದ್ದ ಮೊದಲ ಮಹಿಳೆ ಅವರು.

ನಾವು ತಿಳಿಯಬೇಕಾದ್ದು

ಮಿತ್ರರೇ, ನಮ್ಮಲ್ಲಿ ಬಹುಮಂದಿ ಕಡಲ ಯಾನ ಮಾಡುವವರಲ್ಲ. ಆದರೂ ಈ ಚರಿತ್ರೆ ನಮಗೆ ಸಲ್ಲುತ್ತದೆ. ಒಳ್ಳೆಯ ದೋಣಿ ಎಂಬುದು ಸ್ವತಂತ್ರವಾಗಿ ಎಲ್ಲೂ ಇಲ್ಲ. ಯಾವ ಕಡಲಿಗೆ, ಯಾವ ಕೆಲಸಕ್ಕೆ, ಯಾವ ಕೈಗಳಿಗೆ ಎಂದು ಕೇಳಿದಾಗಲೇ ಆ ಮಾತಿಗೆ ಅರ್ಥ. ಸ್ಲೋಕಮ್‌ಗೆ ತನ್ನ ಕೈಯ ಬಲ ಗೊತ್ತಿತ್ತು. ನಾಕ್ಸ್-ಜಾನ್‌ಸ್ಟನ್‌ಗೆ ಬಯಸಿದ ದೋಣಿ ಸಿಗಲಿಲ್ಲ, ಬಲ್ಲ ದೋಣಿ ಸಿಕ್ಕಿತು. ಬ್ಲೈತ್ ಮತ್ತು ಟಾಮಿ ಸೋಲಿನ ನಂತರ ಮೊದಲಿನ ಆಯ್ಕೆಯನ್ನೇ ಹಟದಿಂದ ಹಿಡಿಯಲಿಲ್ಲ. ಎಲ್ಲಿ ಹೊಂದಲಿಲ್ಲವೆಂದು ನೋಡಿ ಬದಲಾಯಿಸಿದರು. ಕ್ರೋಹರ್ಸ್ಟ್ ಅವರಲ್ಲಿ ಧೈರ್ಯ ಬುದ್ಧಿ ಎರಡೂ ಇದ್ದವು. ಇಲ್ಲದೆಹೋದದ್ದು, ಈ ದೋಣಿ ಇನ್ನೂ ಸಿದ್ಧವಾಗಿಲ್ಲ ಎಂದು ದಡದಲ್ಲೇ ಹೇಳುವ ಅವಕಾಶ. ಆ ಅವಕಾಶವನ್ನು ಅವರೂ ತೆಗೆದುಕೊಳ್ಳಲಿಲ್ಲ, ಸುತ್ತಲಿನವರೂ ಕೊಡಲಿಲ್ಲ. ಗೆಳೆಯನೊಬ್ಬ ಹಾಗೆ ಇಕ್ಕಟ್ಟಿಗೆ ಸಿಕ್ಕಿರುವುದು ಕಂಡರೆ ನಾವಾದರೂ ಆ ಅವಕಾಶವನ್ನು ಕೊಡಬೇಕು.

ನಿಮ್ಮಲ್ಲಿ ಯಾರಿಗಾದರೂ ಹಾಯಿಯ ಆಸೆ ಹುಟ್ಟಿದರೆ, ಎನ್.ಸಿ.ಸಿ.ಯ ನೌಕಾ ವಿಭಾಗದಲ್ಲಿ ಅದನ್ನು ಕಲಿಯುವ ದಾರಿಯುಂಟು. ಮೊದಲು ಈಜು, ಆಮೇಲೆ ಅತಿ ಸಣ್ಣ ದೋಣಿ. ಸಣ್ಣ ದೋಣಿ ತಪ್ಪನ್ನು ತಕ್ಷಣ ತೋರಿಸುತ್ತದೆ. ಎದ್ದು ನಿಂತರೆ ಹೊರಳುತ್ತದೆ, ತಳದಲ್ಲಿ ಕುಳಿತರೆ ಸುಮ್ಮನಾಗುತ್ತದೆ. ಕಾರವಾರದ ಆ ಹಿರಿಯರು ಕೂಗಿ ಹೇಳಿದ್ದೂ ಅಷ್ಟನ್ನೇ.